ಈ ಸೀಟು ಖಾಲಿನಾ?

ಮನೆಯ ಅಟ್ಟದ ಮೇಲೆ ಹಳೆಯ ರೇಡಿಯೊ ಇದ್ದರೆ ಇಳಿಸಿ, ಧೂಳು ಒರೆಸಿ. ತಿರುಪು ತಿರುಗಿಸಿದರೆ ಮುಳ್ಳು ಮೆಲ್ಲಗೆ ಸರಿಯುವಂಥದ್ದೇ ಬೇಕು. ಗುಂಡಿ ಒತ್ತಿದ ಕೂಡಲೇ ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಹಾರುವ ಹೊಸ ರೇಡಿಯೊ ನಮ್ಮ ಕೆಲಸಕ್ಕೆ ಬಾರದು. ಬೆಂಗಳೂರು 612, ಭದ್ರಾವತಿ 675, ಧಾರವಾಡ 765 ಎಂದು ಅಜ್ಜನಿಗೆ ಇನ್ನೂ ಬಾಯಿಪಾಠ ಇರಬಹುದು, ಕೇಳಿ ನೋಡಿ. ಅವು ಆಕಾಶವಾಣಿಯ ಕೇಂದ್ರಗಳ ಕಂಪನಾಂಕಗಳು. 612 ಕಿಲೊಹರ್ಟ್ಸ್ ಎಂದರೆ ಆ ಕೇಂದ್ರದ ಅಲೆ ಒಂದು ಸೆಕೆಂಡಿನಲ್ಲಿ 6 ಲಕ್ಷದ 12 ಸಾವಿರ ಸಲ ಏರಿ ಇಳಿಯುತ್ತದೆ ಎಂದು ಅರ್ಥ.

ಅಜ್ಜನಿಗೆ ಬೇಕಾದದ್ದು ಕೇಂದ್ರ. ನಮಗೆ ಬೇಕಾದದ್ದು ಎರಡು ಕೇಂದ್ರಗಳ ನಡುವಿನ ಜಾಗ. ಮುಳ್ಳನ್ನು ಅಲ್ಲಿ ನಿಲ್ಲಿಸಿ. ಹಾಡಿಲ್ಲ, ವಾರ್ತೆಯಿಲ್ಲ, ಬರೀ ಗೊರಗೊರ. ಎಲ್ಲರೂ ಮುಖ ಸಿಂಡರಿಸಿ ಮುಂದಕ್ಕೆ ತಿರುಗಿಸಿಬಿಡುವ ಈ ಗೊರಗೊರದ ಮುಂದೆ ಕೂತು ತಲೆ ಕೆಡಿಸಿಕೊಳ್ಳುವ ವಿಜ್ಞಾನಿಗಳಿದ್ದಾರೆ. ಅವರ ಪ್ರಶ್ನೆ ಇಷ್ಟೇ: ಇಲ್ಲಿ ನಿಜವಾಗಿಯೂ ಯಾರೂ ಇಲ್ಲವೇ, ಅಥವಾ ಇದ್ದೂ ನನಗೆ ಕೇಳಿಸುತ್ತಿಲ್ಲವೇ?

ಗೊರಗೊರ ಬರುವುದು ಎಲ್ಲಿಂದ? ಪಕ್ಕದ ಮನೆಯ ಮಿಕ್ಸಿಯಿಂದ, ಮೊಬೈಲ್ ಚಾರ್ಜರಿನಿಂದ, ಎಲ್ಲೋ ದೂರದಲ್ಲಿ ಹೊಡೆದ ಮಿಂಚಿನಿಂದ. ಇವೆಲ್ಲ ನಿಂತರೂ ಒಂದಿಷ್ಟು ಉಳಿದೇ ಉಳಿಯುತ್ತದೆ. ತಂತಿಯೊಳಗಿನ ಎಲೆಕ್ಟ್ರಾನುಗಳು ಬಿಸಿಯಿಂದಾಗಿ ಸುಮ್ಮನೆ ಕೂರಲಾರವು, ಅತ್ತಿತ್ತ ಜಿಗಿಯುತ್ತಲೇ ಇರುತ್ತವೆ. ಆ ಜಿಗಿದಾಟವೇ ಸದ್ದಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಜಾನ್ಸನ್ ಅದನ್ನು ಅಳೆದು 1928ರಲ್ಲಿ ಪ್ರಕಟಿಸಿದರು. ಅಲ್ಲೇ ಇದ್ದ ಹ್ಯಾರಿ ನೈಕ್ವಿಸ್ಟ್ ಅದರ ಗಣಿತ ಬಿಡಿಸಿಕೊಟ್ಟರು. ಬಿಸಿ ಹೆಚ್ಚಾದಷ್ಟೂ ಸದ್ದು ಹೆಚ್ಚು. ನಡುಮಧ್ಯಾಹ್ನ ಬಿಸಿಲಿಗೆ ಕಾದ ಪೆಟ್ಟಿಗೆಗೂ ಬೆಳಗಿನ ಚಳಿಯಲ್ಲಿರುವ ಪೆಟ್ಟಿಗೆಗೂ ಗೊರಗೊರ ಒಂದೇ ಅಳತೆಯದಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ನಮ್ಮ ಕಾಲಿಗೆ ತೊಡರಲಿದೆ.

ಈಗ ಖಾಲಿ ಜಾಗದ ಮಾತು. ರೇಡಿಯೊ, ಟಿವಿ, ಮೊಬೈಲ್, ವಿಮಾನ, ಹಡಗು, ಪೊಲೀಸರ ವಾಕಿಟಾಕಿ ಎಲ್ಲಕ್ಕೂ ಅಲೆಗಳೇ ಬೇಕು. ಒಂದೇ ಕಂಪನಾಂಕದಲ್ಲಿ ಇಬ್ಬರು ಮಾತಾಡಿದರೆ ಇಬ್ಬರದೂ ಕೆಡುತ್ತದೆ. ಅದಕ್ಕೇ ಪ್ರತಿ ದೇಶದ ಸರ್ಕಾರವೂ ಇಡೀ ತರಂಗಗುಚ್ಛವನ್ನು ಹೊಲ ಅಳೆದು ಹಂಚುವಷ್ಟೇ ಶಿಸ್ತಿನಿಂದ ಹಂಚಿಬಿಟ್ಟಿದೆ. ಕಾಗದದ ಮೇಲೆ ನೋಡಿದರೆ ಒಂದಂಗುಲ ಜಾಗವಿಲ್ಲ. ಆಂಟೆನಾ ಎತ್ತಿ ಕೇಳಿದರೆ ಮಾತ್ರ ಎಷ್ಟೋ ಕಡೆ ಬರೀ ಗೊರಗೊರ.

ನಮ್ಮ ದೇಶದ ಟಿವಿ ಅಲೆಗಳನ್ನೇ ತೆಗೆದುಕೊಳ್ಳಿ. ಕೇಬಲ್ಲಿನಲ್ಲಿ, ಡಿಶ್ಶಿನಲ್ಲಿ ನೂರಾರು ಚಾನೆಲ್ ಬರುತ್ತವೆ, ಸರಿ. ಆದರೆ ನೆಲದ ಮೇಲಿನ ಗೋಪುರದಿಂದ ಮನೆಯ ಆಂಟೆನಾಕ್ಕೆ ಪ್ರಸಾರ ಮಾಡುವುದು ದೂರದರ್ಶನ ಮಾತ್ರ. 470ರಿಂದ 590 ಮೆಗಾಹರ್ಟ್ಸ್‌ವರೆಗೆ ಟಿವಿಗೆಂದು 15 ಚಾನೆಲ್‌ಗಳ ಜಾಗವಿದೆ. ಐಐಟಿ ಬಾಂಬೆಯ ತಂಡವೊಂದು ದೂರದರ್ಶನದ ಗೋಪುರಗಳ ಲೆಕ್ಕ ಹಿಡಿದು ನೋಡಿತು. ದೇಶದ ಹೆಚ್ಚುಕಡಿಮೆ ಎಲ್ಲ ಕಡೆಯೂ ಆ ಹದಿನೈದರಲ್ಲಿ ಹನ್ನೆರಡಾದರೂ ಖಾಲಿ ಇದ್ದವು! ಅದೂ ಎಂಥ ಜಾಗ: ಈ ಅಲೆಗಳು ವೈಫೈ ಅಲೆಗಳಿಗಿಂತ ಬಹಳ ದೂರ ಹೋಗುತ್ತವೆ, ಮರಗಳ ನಡುವೆಯೂ ನುಸುಳುತ್ತವೆ. ಹಳ್ಳಿಗೆ ಇಂಟರ್ನೆಟ್ ಮುಟ್ಟಿಸಲು ಇದಕ್ಕಿಂತ ಒಳ್ಳೆಯದು ಸಿಕ್ಕೀತೇ? ಅದೇ ತಂಡ ಮಹಾರಾಷ್ಟ್ರದ ಪಾಲ್ಘರ್ ಬಳಿಯ ಹಳ್ಳಿಗಳಲ್ಲಿ ಅದನ್ನು ಮಾಡಿಯೂ ತೋರಿಸಿತು.

ಆದರೆ ಖಾಲಿ ಇದ್ದರೂ ಆ ಜಾಗ ಇನ್ನೊಬ್ಬರಿಗೆ ಮೀಸಲು. ನೀವು ಸರ್ಕಾರಿ ಬಸ್ಸು ಹತ್ತಿದ್ದೀರಿ ಎಂದುಕೊಳ್ಳಿ. ‘ಮಹಿಳೆಯರಿಗೆ’ ಎಂದು ಬರೆದ ಸೀಟು ಖಾಲಿಯಿದೆ, ನಿಮ್ಮ ಮಾವ ನಿಂತಿದ್ದಾರೆ. ಕೂತರೆ ಯಾರಿಗೂ ನಷ್ಟವಿಲ್ಲ. ಆದರೆ ಮುಂದಿನ ನಿಲ್ದಾಣದಲ್ಲಿ ಒಬ್ಬರು ಹೆಂಗಸು ಹತ್ತಿದರೆ, ಅವರು ಬಾಯಿಬಿಟ್ಟು ಕೇಳುವ ಮೊದಲೇ ಮಾವ ಎದ್ದು ನಿಲ್ಲಬೇಕು. ಇಷ್ಟು ಮರ್ಯಾದೆ ಕಲಿತ ರೇಡಿಯೊ ಮಾಡಬಹುದೇ ಎಂದು ಯೋಚಿಸಿದವರು ಜೋಸೆಫ್ ಮಿಟೋಲ. 1999ರಲ್ಲಿ ಅವರು ಇಂಥ ಯಂತ್ರಕ್ಕೆ ‘ಕಾಗ್ನಿಟಿವ್ ರೇಡಿಯೊ’ ಎಂದು ಹೆಸರಿಟ್ಟರು, ಮರುವರ್ಷ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದರು. ಸುತ್ತ ಏನಾಗುತ್ತಿದೆ ಎಂದು ತಿಳಿದು ತನ್ನ ನಡೆಯನ್ನು ತಾನೇ ಬದಲಿಸಿಕೊಳ್ಳುವ ರೇಡಿಯೊ ಅದು. ಸರ್ಕಾರದಿಂದ ಜಾಗ ಪಡೆದವರನ್ನು ಹಕ್ಕುದಾರ ಎನ್ನೋಣ, ಬಂದು ಕೂರುವ ಈ ರೇಡಿಯೊವನ್ನು ಅತಿಥಿ ಎನ್ನೋಣ.

ಮಾವನಿಗೆ ಕಣ್ಣಿದೆ. ಅತಿಥಿಗೆ ಇರುವುದು ಒಂದು ಆಂಟೆನಾ, ಅದರಲ್ಲಿ ಬರುವುದು ಬರೀ ಸಂಖ್ಯೆಗಳು. ಅವುಗಳಿಂದಲೇ ಹಕ್ಕುದಾರ ಇದ್ದಾನೋ ಇಲ್ಲವೋ ಗೊತ್ತುಮಾಡಬೇಕು. ಇದಕ್ಕೆ ಸ್ಪೆಕ್ಟ್ರಮ್ ಸೆನ್ಸಿಂಗ್ ಎನ್ನುತ್ತಾರೆ. ಪೆನ್ಸಿಲ್ ತೆಗೆದುಕೊಳ್ಳಿ, ನಾವೂ ಅತಿಥಿಯಾಗಿ ನೋಡೋಣ.

ಆಂಟೆನಾ ಏಳು ಸಂಖ್ಯೆ ಕೊಟ್ಟಿತು: 2, −2, 1, 2, −3, −2, −1. ಇದು ಬರೀ ಗೊರಗೊರ, ಹಕ್ಕುದಾರ ಇಲ್ಲ. ಇದರ ಬಲ ಎಷ್ಟು? ಸುಮ್ಮನೆ ಕೂಡಿದರೆ ಮೇಲಿನದೂ ಕೆಳಗಿನದೂ ಒಂದಕ್ಕೊಂದು ವಜಾ ಆಗಿಬಿಡುತ್ತವೆ. ಅದಕ್ಕೆ ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಬೇಕು: 4, 4, 1, 4, 9, 4, 1. ಮೊತ್ತ 27.

ಈಗ ಹಕ್ಕುದಾರ ಬಂದ. ಅವನ ಸಂಕೇತ ಬಲು ಸಣ್ಣದು: 1, 1, 1, −1, −1, 1, −1. ಗೊರಗೊರ ಹಾಗೇ ಇದೆ, ಅದರ ಮೇಲೆ ಇದು ಸೇರಿಕೊಂಡಿತು. ಆಂಟೆನಾಕ್ಕೆ ಈಗ ಸಿಗುವುದು 3, −1, 2, 1, −4, −1, −2. ವರ್ಗ ಮಾಡಿ ಕೂಡಿ. 36 ಬಂತಲ್ಲವೇ? ನಡುವೆ 30ಕ್ಕೆ ಒಂದು ಗೆರೆ ಎಳೆಯೋಣ. ಗೆರೆಯ ಕೆಳಗಿದ್ದರೆ ಖಾಲಿ, ಮೇಲಿದ್ದರೆ ಯಾರೋ ಇದ್ದಾರೆ. ಇದು ಮೊದಲನೆಯ ವಿಧಾನ, ಶಕ್ತಿಯನ್ನು ಅಳೆಯುವುದು. ಇದರ ಗಣಿತವನ್ನು ಹ್ಯಾರಿ ಉರ್ಕೊವಿಟ್ಜ್ 1967ರಲ್ಲೇ ಬರೆದಿಟ್ಟಿದ್ದರು, ಕಾಗ್ನಿಟಿವ್ ರೇಡಿಯೊ ಹುಟ್ಟುವ ಮೂವತ್ತೆರಡು ವರ್ಷ ಮೊದಲು. ಬಂದವರು ಯಾರು, ಯಾವ ಭಾಷೆ, ಏನೂ ಗೊತ್ತಿರಬೇಕಾಗಿಲ್ಲ. ಅಗ್ಗ, ಸುಲಭ, ಬೇಗ.

ಆದರೆ ನಾಳೆ ಬಿಸಿಲು ಜಾಸ್ತಿಯಾಗಿ ಗೊರಗೊರವೇ 35 ಮುಟ್ಟಿದರೆ? ಯಾರೂ ಇಲ್ಲದಿದ್ದರೂ ನಮ್ಮ ಅತಿಥಿ ಹೆದರಿ ಓಡಿಹೋಗುತ್ತಾನೆ. ಒಂದು ಒಳ್ಳೆಯ ಜಾಗ ದಂಡ. ಹಾಗಾಗಬಾರದು ಎಂದು ಗೆರೆಯನ್ನು 40ಕ್ಕೆ ಏರಿಸಿದಿರೋ, ಚಳಿಯ ಬೆಳಗಿನಲ್ಲಿ ಹಕ್ಕುದಾರ ಬಂದು 36 ಆದರೂ ಅತಿಥಿ ‘ಯಾರೂ ಇಲ್ಲ’ ಎಂದು ಕೂತೇ ಇರುತ್ತಾನೆ. ಯಾರದೋ ಮನೆಯ ಟಿವಿ ಕೆಡುತ್ತದೆ. ಗೆರೆ ಎಲ್ಲಿ ಎಳೆದರೂ ಎರಡು ತಪ್ಪಿನಲ್ಲಿ ಒಂದು ಕಡಿಮೆಯಾಗಿ ಇನ್ನೊಂದು ಹೆಚ್ಚಾಗುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡ ತಪ್ಪು. ಮೊದಲನೆಯದರಲ್ಲಿ ನಷ್ಟ ಅತಿಥಿಗೆ, ಎರಡನೆಯದರಲ್ಲಿ ಏನೂ ಅರಿಯದ ಇನ್ನೊಬ್ಬರಿಗೆ.

ಏಳು ಸಂಖ್ಯೆ ಬಿಟ್ಟು ಏಳು ಲಕ್ಷ ಸಂಖ್ಯೆ ಕೂಡಿಸಿದರೆ ಆಗದೇ ಎಂದು ಜಾಣರು ಕೇಳುತ್ತೀರಿ. ಬಹಳಷ್ಟು ಸಲ ಆಗುತ್ತದೆ. ಹೆಚ್ಚು ಹೊತ್ತು ಕೇಳಿದಷ್ಟೂ ಗೊರಗೊರದ ಏರಿಳಿತ ಸವೆದು ಸರಾಸರಿ ಮಾತ್ರ ಉಳಿಯುತ್ತದೆ. ಆದರೆ ಆ ಸರಾಸರಿ ಎಷ್ಟಿರಬೇಕು ಎಂದೇ ನಮಗೆ ಕರಾರುವಾಕ್ಕಾಗಿ ಗೊತ್ತಿಲ್ಲದಿದ್ದರೆ? ಬಿಸಿಗೆ ಅದು ಬದಲಾಗುತ್ತದೆ ಎಂದು ಆಗಲೇ ನೋಡಿದೆವು. ಹಕ್ಕುದಾರನ ಸಂಕೇತ ಆ ಅನುಮಾನಕ್ಕಿಂತಲೂ ಚಿಕ್ಕದಾಗಿದ್ದರೆ, ವರ್ಷಗಟ್ಟಲೆ ಕಿವಿಗೊಟ್ಟು ಕೂತರೂ ಶಕ್ತಿ ಅಳೆಯುವ ಯಂತ್ರ ಅವನನ್ನು ಪತ್ತೆಮಾಡಲಾರದು. ಅಮೆರಿಕದ ಬರ್ಕ್ಲಿಯ ರಾಹುಲ್ ತಾಂಡ್ರಾ ಮತ್ತು ಅನಂತ್ ಸಹಾಯ್ 2008ರಲ್ಲಿ ಇದನ್ನು ಗಣಿತದಿಂದ ತೋರಿಸಿ, ಇದೊಂದು ಗೋಡೆ ಎಂದರು. ತಾಳ್ಮೆಯಿಂದ ದಾಟಲಾಗದ ಗೋಡೆ! ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ಇದೇ.

ಎರಡನೆಯ ವಿಧಾನಕ್ಕೆ ಒಂದು ಗುಟ್ಟು ಬೇಕು. ಹಕ್ಕುದಾರನ ಸಂಕೇತದ ಮಾದರಿ ನಮಗೆ ಮೊದಲೇ ಗೊತ್ತಿರಬೇಕು. ಗೊತ್ತಿದೆ ಎಂದುಕೊಳ್ಳಿ: 1, 1, 1, −1, −1, 1, −1. ಆಂಟೆನಾ ಕೊಟ್ಟ ಏಳು ಸಂಖ್ಯೆಗಳ ಕೆಳಗೆ ಇದನ್ನು ಬರೆದು, ಮೇಲಿನದನ್ನು ಕೆಳಗಿನದರಿಂದ ಗುಣಿಸಿ, ಬಂದದ್ದನ್ನು ಕೂಡಿ. ಹಕ್ಕುದಾರ ಇದ್ದಾಗಿನ ಸಂಖ್ಯೆಗಳಿಗೆ ಮಾಡಿದರೆ 3, −1, 2, −1, 4, −1, 2. ಮೊತ್ತ 8. ಬರೀ ಗೊರಗೊರಕ್ಕೆ ಮಾಡಿ ನೋಡಿ: 2, −2, 1, −2, 3, −2, 1. ಮೊತ್ತ ಬರೀ 1! 27ಕ್ಕೂ 36ಕ್ಕೂ ಇದ್ದ ಅನುಮಾನವೆಲ್ಲಿ, 1ಕ್ಕೂ 8ಕ್ಕೂ ಇರುವ ಅಂತರವೆಲ್ಲಿ?

ಏನಾಯಿತು? ಹಕ್ಕುದಾರನ ಸಂಕೇತವನ್ನು ಅದರಿಂದಲೇ ಗುಣಿಸಿದಾಗ ಏಳು ಕಡೆಯೂ +1 ಬಂದು ಒಟ್ಟು 7 ಆಯಿತು. ಗೊರಗೊರಕ್ಕೆ ಆ ಮಾದರಿಯ ಪರಿವೆಯೇ ಇಲ್ಲ. ಅದು ಒಂದು ಕಡೆ ಕೂಡಿ ಇನ್ನೊಂದು ಕಡೆ ಕಳೆದು ಸೊನ್ನೆಯ ಹತ್ತಿರಕ್ಕೆ ಬಂದು ನಿಂತಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ರಾಡಾರ್‌ಗಾಗಿ ಡಿ. ಓ. ನಾರ್ತ್ ಎಂಬುವರು ಲೆಕ್ಕ ಹಾಕಿದ ಉಪಾಯ ಇದು. ಇದನ್ನು ಮ್ಯಾಚ್ಡ್ ಫಿಲ್ಟರ್ ಎನ್ನುತ್ತಾರೆ. ಅಮೆರಿಕದ ಡಿಜಿಟಲ್ ಟಿವಿಯಲ್ಲಿ 511 ಗುರುತುಗಳ ಒಂದು ಮಾದರಿ ಸೆಕೆಂಡಿಗೆ ಸುಮಾರು 41 ಸಲ ಮರಳಿ ಮರಳಿ ಬರುತ್ತದೆ. ನಾವು ಏಳರಲ್ಲಿ ಮಾಡಿದ್ದನ್ನು 511ರಲ್ಲಿ ಮಾಡಿದರೆ ಎಷ್ಟು ಸಣ್ಣ ಸಂಕೇತವೂ ಸಿಕ್ಕಿಬೀಳುತ್ತದೆ, ಊಹಿಸಿ.

ನಿಮ್ಮ ಮನೆಯ ವೈಫೈ ಈ ಎರಡೂ ವಿಧಾನಗಳನ್ನು ದಿನವಿಡೀ ಮಾಡುತ್ತದೆ. ಪ್ರತಿ ಸಲ ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುತ್ತದೆ. ಇನ್ನೊಂದು ವೈಫೈ ಆದರೆ ಅದರ ಮಾದರಿ ಪರಿಚಿತ. ಪರಿಚಯವಿಲ್ಲದ ಅಲೆಯನ್ನು ಗುರುತಿಸಲು ಬೇಕಾದ ಬಲದ ನೂರರಲ್ಲಿ ಒಂದು ಪಾಲು ಬಲವಿದ್ದರೂ ಸಾಕು, ‘ಓ, ನಮ್ಮವರೇ’ ಎಂದು ಗುರುತು ಹಿಡಿದು ಸುಮ್ಮನಾಗುತ್ತದೆ.

ಮಾದರಿ ಪೂರ್ತಿ ಗೊತ್ತಿಲ್ಲದಾಗ ಮೂರನೆಯದೊಂದು ದಾರಿಯಿದೆ. ಮನುಷ್ಯರು ಮಾಡಿದ ಯಾವ ಸಂಕೇತಕ್ಕೂ ಒಂದು ತಾಳ ಇರುತ್ತದೆ, ಏನೋ ಒಂದು ನಿಗದಿತ ಹೊತ್ತಿಗೆ ಮರುಕಳಿಸುತ್ತಿರುತ್ತದೆ. ಎಲೆಕ್ಟ್ರಾನುಗಳ ಜಿಗಿದಾಟಕ್ಕೆ ತಾಳವಿಲ್ಲ. ತಾಳ ಸಿಕ್ಕಿತೋ, ಅದು ಯಾರೋ ಮಾಡಿದ್ದು. ವಿಲಿಯಂ ಗಾರ್ಡ್ನರ್ ಎಂಬ ಗಣಿತಪ್ರಿಯ ಎಂಜಿನಿಯರ್ ಇದನ್ನೇ ಬಹುಕಾಲ ಬೆಳೆಸಿದರು. ಲೆಕ್ಕ ಮಾತ್ರ ಭಾರಿ, ಸಮಯವೂ ಬೇಕು. ಅದನ್ನು ನೀವು ಕಾಲೇಜಿಗೆ ಹೋದ ಮೇಲೆ ನೋಡಿಕೊಳ್ಳಿ.

ಇಷ್ಟೆಲ್ಲ ಇದ್ದ ಮೇಲೆ ಕೆಲಸ ಮುಗಿಯಿತೇ? ಇಲ್ಲ. ನಿಜವಾದ ತೊಂದರೆ ಈಗ ಶುರು.

ಅತಿಥಿ ಕೇಳಿಸಿಕೊಳ್ಳುವುದು ಯಾರನ್ನು? ಟಿವಿ ಗೋಪುರವನ್ನು. ಅತಿಥಿ ತಪ್ಪು ಮಾಡಿದರೆ ತೊಂದರೆ ಯಾರಿಗೆ? ಗೋಪುರಕ್ಕಲ್ಲ, ಅದು ತನ್ನ ಪಾಡಿಗೆ ಹೇಳುತ್ತಲೇ ಇರುತ್ತದೆ. ತೊಂದರೆ ಆಗುವುದು ಆ ಗೋಪುರವನ್ನು ಕೇಳಿಸಿಕೊಳ್ಳುತ್ತಿರುವ, ಯಾರದೋ ನಡುಮನೆಯ ಟಿವಿಗೆ. ಆ ಟಿವಿ ತನ್ನ ಕಡೆಯಿಂದ ಸಂಕೇತವನ್ನೇ ಕಳಿಸುವುದಿಲ್ಲ! ನಾವು ಕಾಪಾಡಬೇಕಾದವರು ಬಾಯಿಲ್ಲದವರು. ಈಗ ಅತಿಥಿ ಒಂದು ಗುಡ್ಡದ ಮರೆಯಲ್ಲೋ ಕಾಂಕ್ರೀಟು ಕಟ್ಟಡದ ನೆಲಮಾಳಿಗೆಯಲ್ಲೋ ಇದ್ದಾನೆ ಎನ್ನಿ. ಗೋಪುರ ಅವನಿಗೆ ಕೇಳುವುದಿಲ್ಲ. ಆಚೆ ಮಹಡಿಯ ಮೇಲೆ ಎತ್ತರಕ್ಕೆ ಆಂಟೆನಾ ಕಟ್ಟಿಕೊಂಡವರ ಟಿವಿಗೆ ಗೋಪುರವೂ ಕೇಳುತ್ತದೆ, ನಮ್ಮ ಅತಿಥಿಯೂ ಕೇಳುತ್ತಾನೆ. ಅಲ್ಲಿ ಚಿತ್ರ ಒಡೆದು ಚೂರಾಗುತ್ತದೆ.

ಆದ್ದರಿಂದ ಅತಿಥಿ ಸಾಧಾರಣ ಟಿವಿಗಿಂತ ಎಷ್ಟೋ ಚೆನ್ನಾಗಿ ಕೇಳಿಸಿಕೊಳ್ಳಬೇಕು. ಅಮೆರಿಕದ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, 2008ರ ನವೆಂಬರಿನಲ್ಲಿ ಟಿವಿಯ ಖಾಲಿ ಜಾಗವನ್ನು ಅತಿಥಿಗಳಿಗೆ ತೆರೆದಾಗ ಹಾಕಿದ ಷರತ್ತು ಕೇಳಿ. ಒಂದು ವಾಟ್ ಶಕ್ತಿಯನ್ನು 250 ಲಕ್ಷ ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲಿನಷ್ಟು ಸಂಕೇತ ಬಂದರೂ ಗುರುತಿಸಬೇಕು! ಅಲ್ಲಿನ ಒಂದು ಟಿವಿ ಚಾನೆಲ್‌ನ ಅಗಲದಲ್ಲಿ ಬರುವ ಬಿಸಿಯ ಗೊರಗೊರವೇ ಇದರ ಆರು ಪಟ್ಟಾದರೂ ಇರುತ್ತದೆ.

ಟಿವಿ ಅಲೆಗಳ ನಡುವೆ ಇನ್ನೊಬ್ಬ ಹಕ್ಕುದಾರನೂ ಅಡಗಿದ್ದ: ನಾಟಕದವರ, ಹಾಡುಗಾರರ ತಂತಿಯಿಲ್ಲದ ಮೈಕು. ಅದರ ಸಂಕೇತ ಸಣ್ಣದು, ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ಅತಿಥಿಗಳ ಮಾದರಿ ಯಂತ್ರಗಳನ್ನು ಎಫ್‌ಸಿಸಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಶಾಲೆಗೂ ಫುಟ್‌ಬಾಲ್ ಪಂದ್ಯಕ್ಕೂ ಹೊತ್ತೊಯ್ದು ಪರೀಕ್ಷಿಸಿತು. ಹೆಸರಾಂತ ಗಾಯಕಿ ಡಾಲಿ ಪಾರ್ಟನ್ ಅವರೇ ಮೈಕುಗಳ ಪರವಾಗಿ ಆಯೋಗಕ್ಕೆ ಪತ್ರ ಬರೆದರು. ಗೊರಗೊರದ ಗಣಿತಕ್ಕೆ ಗಾಯಕಿಯೊಬ್ಬರು ತಲೆಹಾಕಿದ್ದು ಅಪರೂಪವೇ.

ಒಬ್ಬನಿಗೆ ಕೇಳದಿದ್ದರೆ ಹತ್ತು ಜನ ಸೇರಿ ಕೇಳಬಹುದಲ್ಲ? ಅದೂ ಒಂದು ವಿಧಾನ. ಗುಡ್ಡದ ಈಚೆ ಇರುವವನಿಗೆ ಕೇಳದ್ದು ಆಚೆ ಇರುವವನಿಗೆ ಕೇಳೀತು. ಹತ್ತರಲ್ಲಿ ಒಬ್ಬ ಕೈ ಎತ್ತಿದರೂ ಎಲ್ಲರೂ ಎದ್ದುಬಿಡಬೇಕು ಎಂದು ನಿಯಮ ಮಾಡಿದರೆ ಹಕ್ಕುದಾರ ಕ್ಷೇಮ. ಆದರೆ ಹತ್ತರಲ್ಲಿ ಒಬ್ಬನ ಪೆಟ್ಟಿಗೆ ಕೆಟ್ಟು ಸುಮ್ಮಸುಮ್ಮನೆ ಕೈ ಎತ್ತುತ್ತಿದ್ದರೆ, ಅಥವಾ ಆ ಜಾಗ ತನಗೊಬ್ಬನಿಗೇ ಇರಲಿ ಎಂದು ಸುಳ್ಳು ಹೇಳಿದರೆ, ಉಳಿದ ಒಂಬತ್ತು ಜನಕ್ಕೂ ಜಾಗವಿಲ್ಲ. ಹಾಗಾಗಿ ಯಾರ ಮಾತನ್ನು ಎಷ್ಟು ನಂಬಬೇಕು ಎಂಬುದಕ್ಕೂ ಎಂಜಿನಿಯರುಗಳು ಲೆಕ್ಕ ಕಟ್ಟಿದ್ದಾರೆ. ಟಿವಿಯ ಖಾಲಿ ಜಾಗದಲ್ಲಿ ಹಳ್ಳಿಗಳಿಗೆ ಇಂಟರ್ನೆಟ್ ಕೊಡಲು 2011ರಲ್ಲಿ ಬಂದ 802.22 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಹಕ್ಕುದಾರ ಬಂದರೆ ಎರಡು ಸೆಕೆಂಡಿನೊಳಗೆ ಕಂಡುಹಿಡಿಯಬೇಕು, ಮತ್ತೆರಡು ಸೆಕೆಂಡಿನೊಳಗೆ ಜಾಗ ಬಿಡಬೇಕು ಎಂದಿದೆ.

ಇಷ್ಟು ಓದಿದ ಮೇಲೆ ನಿಮಗೊಂದು ಸಂಶಯ ಬಂದಿರಬೇಕು. ಟಿವಿ ಗೋಪುರಗಳು ಎದ್ದು ಓಡಾಡುವುದಿಲ್ಲ. ಎಲ್ಲೆಲ್ಲಿವೆ ಎಂದು ಸರ್ಕಾರದ ದಾಖಲೆಯಲ್ಲೇ ಇದೆ. ಇಷ್ಟು ಕಷ್ಟಪಟ್ಟು ಕೇಳಿಸಿಕೊಳ್ಳುವ ಬದಲು ಒಂದು ನಕ್ಷೆ ನೋಡಿದರೆ ಸಾಲದೇ? ಎಫ್‌ಸಿಸಿಗೂ ಹಾಗೇ ಅನಿಸಿತು. 2010ರಲ್ಲಿ ಅದು ನಿಯಮ ಬದಲಿಸಿತು. ಅತಿಥಿ ತಾನಿರುವ ಜಾಗವನ್ನು ಉಪಗ್ರಹದಿಂದ ತಿಳಿದುಕೊಂಡು, ಇಂಟರ್ನೆಟ್ಟಿನ ದಾಖಲೆಯೊಂದನ್ನು ‘ಇಲ್ಲಿ ಯಾವ ಚಾನೆಲ್ ಖಾಲಿ’ ಎಂದು ಕೇಳಿದರೆ ಸಾಕು, ಕೇಳಿಸಿಕೊಳ್ಳುವ ಕಷ್ಟ ಬೇಡ ಎಂದಿತು. ಹತ್ತು ವರ್ಷ ಸಾವಿರಾರು ಪ್ರಬಂಧ ಬರೆದವರ ಮುಖ ಆ ದಿನ ಹೇಗಿತ್ತೋ! ಸುಲಭದ ದಾರಿ ಇದ್ದರೆ ಅದನ್ನೇ ಹಿಡಿಯುವುದು ಎಂಜಿನಿಯರಿಂಗಿನ ಗುಣ, ನಾನು ಅದನ್ನು ದೂರಲಾರೆ.

ಆದರೆ ಹಕ್ಕುದಾರನೇ ಓಡಾಡುತ್ತಿದ್ದರೆ? ತಾನೆಲ್ಲಿದ್ದೇನೆಂದು ಯಾರಿಗೂ ಹೇಳದಿದ್ದರೆ? ಅಂಥವನೊಬ್ಬ ಇದ್ದಾನೆ: ಅಮೆರಿಕದ ನೌಕಾಪಡೆಯ ಹಡಗು. 3550ರಿಂದ 3650 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ ಆ ಹಡಗುಗಳ ರಾಡಾರ್ ಕೆಲಸ ಮಾಡುತ್ತದೆ. ಹಡಗು ದಡಕ್ಕೆ ಬಂದಾಗ ಮಾತ್ರ ಅಲ್ಲಿ ಜಾಗ ಬೇಕು, ಉಳಿದ ದಿನ ಖಾಲಿ. ಯುದ್ಧದ ಹಡಗು ಎಲ್ಲಿದೆ ಎಂದು ಇಂಟರ್ನೆಟ್ಟಿನಲ್ಲಿ ಬರೆದಿಡಲಾಗುತ್ತದೆಯೇ? ಅದಕ್ಕೇ 2015ರಲ್ಲಿ ಆ ಜಾಗವನ್ನು ಹಂಚಿಕೊಳ್ಳಲು ನಿಯಮ ಮಾಡಿದಾಗ ಕೇಳಿಸಿಕೊಳ್ಳುವ ಯಂತ್ರಗಳಿಗೆ ಮತ್ತೆ ಕೆಲಸ ಸಿಕ್ಕಿತು. ಕಡಲ ತೀರದುದ್ದಕ್ಕೂ ಕಂಬಗಳ ಮೇಲೆ ಅವು ಕೂತಿವೆ. ರಾಡಾರ್ ಕೇಳಿದ ಕೂಡಲೇ ತಿಳಿಸುತ್ತವೆ, ಆ ಭಾಗದ ಅತಿಥಿಗಳು ಕೆಲವೇ ನಿಮಿಷದಲ್ಲಿ ಬೇರೆ ಚಾನೆಲ್ಲಿಗೆ ಹೋಗುತ್ತಾರೆ. ಕೇಳಿದ್ದನ್ನು ಅವು ಬರೆದಿಟ್ಟುಕೊಳ್ಳುವಂತಿಲ್ಲ, ಹಡಗಿನ ಸುಳಿವು ಯಾರಿಗೂ ಕೊಡುವಂತಿಲ್ಲ ಎಂದೂ ನಿಯಮವಿದೆ. ಕೇಳಿಸಿಕೊಂಡು ಮರೆತುಬಿಡುವುದು ಕೂಡ ಅವುಗಳ ಕೆಲಸದ ಭಾಗ.

ಇನ್ನೊಂದು ಕೇಳುಗ ಯಂತ್ರ ಮನೆಯೊಳಗೇ ಇದೆ. 5 ಗಿಗಾಹರ್ಟ್ಸ್ ವೈಫೈಯ ಕೆಲವು ಚಾನೆಲ್‌ಗಳು ಹವಾಮಾನದ ರಾಡಾರ್‌ಗಳ ಜಾಗದಲ್ಲಿವೆ. ವಿಮಾನ ಇಳಿಯುವ ಕಡೆ ಗಾಳಿ ತಟ್ಟನೆ ದಿಕ್ಕು ಬದಲಿಸಿದರೆ ಎಚ್ಚರಿಸುವ ರಾಡಾರ್‌ಗಳು ಅವು. 2009ರಲ್ಲಿ ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ಅಂಥ ಒಂದು ರಾಡಾರ್‌ಗೆ ಇದೇ ಕಂಪನಾಂಕದ ಇಂಟರ್ನೆಟ್ ಪೆಟ್ಟಿಗೆಗಳಿಂದ ತೊಂದರೆಯಾಗಿ ದೊಡ್ಡ ತನಿಖೆಯೇ ನಡೆಯಿತು. ಅಮೆರಿಕದ ನಿಯಮ ಹೀಗಿದೆ: ಆ ಚಾನೆಲ್ ಹಿಡಿಯುವ ಮೊದಲು ರೂಟರ್ 60 ಸೆಕೆಂಡು ಬಾಯಿಮುಚ್ಚಿ ಕೇಳಬೇಕು. ಆಮೇಲೆ ಕೆಲಸ ಮಾಡುವಾಗಲೂ ರಾಡಾರ್ ಕೇಳಿಸಿದರೆ 10 ಸೆಕೆಂಡಿನಲ್ಲಿ ಜಾಗ ಬಿಡಬೇಕು, 30 ನಿಮಿಷ ಅತ್ತ ತಲೆ ಹಾಕಬಾರದು.

ಅಮೆರಿಕದಲ್ಲಿ ನಿಮ್ಮ ಸೋದರಮಾವನೋ ಚಿಕ್ಕಮ್ಮನೋ ಇದ್ದರೆ ಮುಂದಿನ ಸಲ ವಿಡಿಯೊ ಕರೆ ಬಂದಾಗ ಒಂದು ಕೆಲಸ ಹೇಳಿ. ರೂಟರಿನ 5 ಗಿಗಾಹರ್ಟ್ಸ್ ಚಾನೆಲ್ಲನ್ನು 100ಕ್ಕೆ ಬದಲಿಸಿ ಗಡಿಯಾರ ನೋಡಲಿ. ರೂಟರ್ ಕೆಟ್ಟಿತೆಂದು ಅವರು ಗೊಣಗಿಕೊಂಡರೆ, ಅದು ಆ ಒಂದು ನಿಮಿಷ ಏನು ಮಾಡುತ್ತಿದೆ ಎಂದು ನೀವೇ ವಿವರಿಸಿ.